ಸೋದರತ್ತೆ ಮತ್ತು ಹದಿನೆಂಟು ಇಂಚಿನ ಚಕ್ರ

ನಾರಾಯಣಪೇಟೆಯಲ್ಲಿ ಸೀರೆ ಅಂಗಡಿ ಇಟ್ಟುಕೊಂಡವನಿಗೆ ಸ್ಪೋರ್ಟ್ಸ್ ಕಾರು ಯಾಕೆ ಎಂದು ನನ್ನನ್ನು ಕೇಳದವರಿಲ್ಲ. ಅದಕ್ಕೆ ಉತ್ತರ ನನ್ನ ಬಳಿಯೂ ಇಲ್ಲ. ನಮ್ಮ ಹಳೆಯ ಗಿರಾಕಿ, ಹೈದರಾಬಾದಿನ ಡಾಕ್ಟರೊಬ್ಬರು, ಬೆನ್ನುನೋವು ತಾಳಲಾರದೆ ಅದನ್ನು ಮಾರುತ್ತಿದ್ದರು. ಅವರ ಬೆನ್ನಿಗೂ ಆ ಕಾರಿಗೂ ಏನಾದರೂ ಸಂಬಂಧ ಇರಬಹುದೆಂದು ಆಗ ನನಗೆ ಹೊಳೆಯಲಿಲ್ಲ. ಎರಡೇ ಬಾಗಿಲು, ಎರಡೇ ಸೀಟು, ಕೆಂಪು ಬಣ್ಣ. ಎತ್ತರ ನನ್ನ ಸೊಂಟಕ್ಕಿಂತ ತುಸು ಮೇಲೆ.

ಮೊದಲ ಸಲ ಒಳಗೆ ಕುಳಿತ ನನ್ನ ಹೆಂಡತಿ ಗಿರಿಜಾ ಕೂಡಲೇ ಇಳಿದುಬಿಟ್ಟಳು. "ಇದರಾಗ ಕುಂದರಾಕ ಆಗಂಗಿಲ್ರಿ, ಮಲ್ಕೊಂಡು ಹೋಗಬೇಕು. ಮಲಗಿಸಿಕೊಂಡು ಹೋಗೋ ಗಾಡಿ ಬ್ಯಾರೇನ ಐತಿ. ಅದಕ್ಕ ನಂಗಿನ್ನೂ ಟೈಮ್ ಐತಿ" ಎಂದಳು.

ನನ್ನ ದೃಷ್ಟಿಯಲ್ಲಿ ಕಾರಿಗಿದ್ದದ್ದು ಒಂದೇ ಕೊರತೆ. ಚಕ್ರಗಳು ಸಣ್ಣವು. ನಮ್ಮ ಊರಿನ ಪ್ರತಿಯೊಂದು ರಸ್ತೆಯುಬ್ಬಿಗೂ ಅದರ ಹೊಟ್ಟೆ ತಾಗುತ್ತಿತ್ತು. ದೊಡ್ಡ ಚಕ್ರ ಹಾಕಿಸಿದರೆ ಹೊಟ್ಟೆಯೂ ಮೇಲೇಳುತ್ತದೆ, ಅಂದವೂ ಬರುತ್ತದೆ ಎಂದು ತೀರ್ಮಾನಿಸಿದೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಗಾದಿಯ ಮೇಲೆ ಕುಳಿತು ಮೊಬೈಲಿನಲ್ಲಿ ವಿಡಿಯೊಗಳನ್ನು ನೋಡಿ ಗಾಢವಾದ ಅಧ್ಯಯನ ನಡೆಸಿದೆ. ಟೈರಿನ ಮೇಲೆ ಮೂರು ಅಂಕಿಗಳಿರುತ್ತವೆ. ಮೊದಲನೆಯದು ಅಗಲ, ಕೊನೆಯದು ಒಳಗಿನ ಲೋಹದ ಚಕ್ರದ ಅಳತೆ. ನಡುವಿನದು ರಬ್ಬರಿನ ಎತ್ತರಕ್ಕೆ ಸಂಬಂಧಿಸಿದ್ದು. ಲೋಹದ ಚಕ್ರ ದೊಡ್ಡದಾದಷ್ಟೂ ರಬ್ಬರಿನ ಎತ್ತರ ಕಡಿಮೆ ಮಾಡಬೇಕು ಎಂದು ವಿಡಿಯೊದವನು ಹೇಳುತ್ತಿದ್ದ. ಇದು ನನಗೆ ಜಿಪುಣತನವೆನಿಸಿತು.

"ಅಲ್ಲಾ, ಚಕ್ರ ದೊಡ್ಡದು ಮಾಡಿದ ಮ್ಯಾಲ ರಬ್ಬರ್ ಯಾಕ ಕಡಿಮಿ ಮಾಡಬೇಕು?" ಎಂದು ಗಿರಿಜಾಳನ್ನು ಕೇಳಿದೆ.

"ಸೀರಿ ಅಂಚು ದೊಡ್ಡದು ಮಾಡಿದ್ರ ಒಡಲು ಕಡಿಮಿ ಮಾಡಂಗಿಲ್ಲೇನ್ರಿ? ಇಲ್ಲಾಂದ್ರ ಉಟ್ಟಾಕಿ ಕಾಲಾಗ ಸೀರಿ ಸಿಗಬಿದ್ದು ಮುಗ್ಗರಿಸ್ತಾಳ" ಎಂದಳು.

ಹೆಂಗಸರಿಗೆ ವಾಹನಶಾಸ್ತ್ರ ತಿಳಿಯುವುದಿಲ್ಲವೆಂದು ಸುಮ್ಮನಾದೆ.

ರಾಯಚೂರಿನ ಟೈರ್ ಅಂಗಡಿಯ ಖಾಜಾಭಾಯಿ ನನ್ನ ಯಾವ ಮಾತಿಗೂ ಎದುರಾಡುವವನಲ್ಲ. ಹದಿನಾರು ಇಂಚಿನ ಚಕ್ರ ತೆಗೆದು ಹದಿನೆಂಟರದು ಹಾಕು ಎಂದೆ. "ಮಸ್ತ್ ಸಾಬ್" ಎಂದ. ಟೈರು ಅಗಲವಾಗಿರಲಿ, ಎತ್ತರವೂ ಇರಲಿ ಎಂದೆ. "ಬಹುತ್ ಮಸ್ತ್" ಎಂದ. ಕಳ್ಳರ ಕಾಟಕ್ಕೆಂದು ವಿಶೇಷ ನಟ್ಟುಗಳನ್ನೂ ಹಾಕಿಸಿದೆ. ಅವನ್ನು ಬಿಚ್ಚಲು ಬೇರೆಯೇ ಒಂದು ಕೀಲಿ ಇರುತ್ತದೆ. ಅದಿಲ್ಲದೆ ಯಾವ ಪಾನಾದಿಂದಲೂ ಅವು ಬಿಚ್ಚುವುದಿಲ್ಲ. ಒಬ್ಬನೇ ಊರಿಗೆ ಓಡಿಸಿಕೊಂಡು ಬಂದೆ. ಕಾರು ಹೂವಿನಂತೆ ಬಂತು. ಮನೆಯಲ್ಲಿ ಚಕ್ರಗಳಿಗೆ ಕಾಯಿ ಒಡೆದು, ಆ ಕೀಲಿಗೂ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟೆ.

ಮರುದಿನವೇ ಗದ್ವಾಲಿನಲ್ಲಿ ಮಗಳ ನಿಶ್ಚಯ. ಸುಮಾ ಅಲ್ಲಿನ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅದೇ ಬ್ಯಾಂಕಿನ ಮಹಾಂತೇಶನನ್ನು ಅವಳೇ ಮೆಚ್ಚಿದ್ದಳು. ಎರಡೂ ಮನೆಯವರಿಗೆ ಒಪ್ಪಿಗೆಯಿತ್ತು. ಉಳಿದದ್ದು ನಮ್ಮ ಸೋದರತ್ತೆ ಬಸಮ್ಮನ ಮಾತು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆತನಕ್ಕೆ ಅವಳೇ ಹಿರಿಯಳು. ನನ್ನ ತಮ್ಮನ ಮಗನ ನಿಶ್ಚಯದಲ್ಲಿ ಚಹಾ ತಣ್ಣಗಿತ್ತೆಂದು ಚಾಪೆಯಿಂದ ಎದ್ದು ಬಂದವಳು. ಆ ಸಂಬಂಧ ಅಲ್ಲಿಗೇ ಮುರಿದಿತ್ತು. ಅವಳಿರುವುದು ಮಕ್ತಲ್‌ನಲ್ಲಿ. ವ್ಯಾನಿನಲ್ಲಿ ಕುಳಿತರೆ ಅವಳಿಗೆ ವಾಂತಿ. ಆದ್ದರಿಂದ ಉಳಿದವರೆಲ್ಲ ವ್ಯಾನಿನಲ್ಲಿ ಮುಂದೆ ಹೋಗಲಿ, ಅತ್ತೆಯನ್ನು ನಾನು ಕಾರಿನಲ್ಲಿ ಕರೆತರುತ್ತೇನೆ ಎಂದು ಘೋಷಿಸಿದೆ. ಗಿರಿಜಾ ನನ್ನನ್ನೇ ನೋಡಿದಳು. "ರಾಹುಕಾಲ ಹಿಡಿಯೋದ್ರಾಗ ಬರ್ರಿ" ಎಂದಷ್ಟೇ ಹೇಳಿ ವ್ಯಾನು ಹತ್ತಿದಳು.

ಬಸಮ್ಮತ್ತೆ ಗಾತ್ರದಲ್ಲೂ ನಮ್ಮ ಮನೆತನದಲ್ಲಿ ಹಿರಿಯಳೇ. ಅವಳು ಬಾಗಿಲು ಹಿಡಿದು, ಬಾವಿಗೆ ಇಳಿಯುವವಳಂತೆ ಮೆಲ್ಲಗೆ ಒಳಗಿಳಿದಳು. ಅವಳ ಜೊತೆಗೆ ಕಾರೂ ಇಳಿಯಿತು. ಎಡಗಡೆ ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಬೆರಳು ತೂರುವಷ್ಟು ಜಾಗವೂ ಉಳಿಯಲಿಲ್ಲ. ನೋಡದವನಂತೆ ಬಾಗಿಲು ಮುಚ್ಚಿ ಕಾರು ಹೊರಡಿಸಿದೆ.

ಊರು ದಾಟುವ ಮೊದಲೇ ಒಂದು ರಸ್ತೆಯುಬ್ಬು ಬಂತು. ಕರ್ರ್ರ್ ಎಂದಿತು.

"ಏನೋ ಶರಣು ಅದು?"

"ರಸ್ತಿ ಸರಿಯಿಲ್ಲತ್ತಿ."

ತಿರುವಿನಲ್ಲಿ ಮತ್ತೆ ಕರ್ರ್ರ್. ಈ ಸಲ ಸದ್ದು ನನ್ನ ಹಲ್ಲಿನವರೆಗೂ ಬಂತು. ಸ್ವಲ್ಪ ಹೊತ್ತಿಗೆ ವಾಸನೆಯೂ ಶುರುವಾಯಿತು.

"ರೊಟ್ಟಿ ಸುಟ್ಟಂಗ ನಾತ ಬರಾಕತ್ತೈತಲ್ಲೋ."

"ಯಾರೋ ಹೊಲದಾಗ ಕಸ ಸುಡಾಕತ್ತಿರಬೇಕತ್ತಿ."

ಅತ್ತೆ ಕಿಟಕಿಯಿಂದ ಹೊರಗೆ ನೋಡಿದಳು. ಎರಡೂ ಬದಿಗೆ ಮೊಣಕಾಲುದ್ದ ನೀರು ನಿಂತ ಭತ್ತದ ಗದ್ದೆಗಳು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಆತ್ಮಕೂರು ದಾಟಿದ ಮೇಲೆ ಒಂದು ಸಂಗತಿ ಕಂಡುಹಿಡಿದೆ. ಅತ್ತೆ ನನ್ನ ಕಡೆ ವಾಲಿದರೆ ಸದ್ದು ಕಡಿಮೆಯಾಗುತ್ತಿತ್ತು. "ಅತ್ತಿ, ಸ್ವಲ್ಪ ಈ ಕಡೆ ವಾಲಿ ಕುಂದ್ರು. ಗಾಳಿ ಚಲೋ ಬರ್ತೈತಿ" ಎಂದೆ. ಅವಳು ವಾಲಿದಳು. ಸದ್ದು ನಿಂತಿತು. ಆದರೆ ನನ್ನ ಎಡಗೈ ಅವಳ ಕೆಳಗೆ ಸಿಕ್ಕಿಕೊಂಡಿತು, ಗೇರ್ ಹಾಕುವ ದಾರಿ ಮುಚ್ಚಿತು. ಎರಡನೇ ಗೇರಿನಲ್ಲೇ ನರಳುತ್ತಾ ಜುರಾಲಾ ಅಣೆಕಟ್ಟೆಯ ಮೇಲಿನ ರಸ್ತೆ ಹತ್ತಿದೆ.

ಗೇಟುಗಳನ್ನು ತೆರೆದಿದ್ದರು. ಕೆಳಗೆ ಕೃಷ್ಣೆ ಬೆಳ್ಳಗೆ ಕುದಿಯುತ್ತಿದ್ದಳು. ರಸ್ತೆಯೋ ಇಕ್ಕಟ್ಟು. ಎದುರಿಗೆ ಬಸ್ಸು ಬರುತ್ತಿತ್ತು. ನಾನು ಗಾಬರಿಯಿಂದ ಎಡಕ್ಕೆ ತಿರುಗಿಸಿದೆ. ಅತ್ತೆಯೂ ಗಾಬರಿಯಿಂದ ಎಡಕ್ಕೇ ಸರಿದಳು. ತಗಡು ಟೈರಿಗೆ ಪೂರ್ತಿ ಕಚ್ಚಿಕೊಂಡಿತು. ಢಮ್ ಎಂದು ಸದ್ದಾಯಿತು. ಕಾರು ಕುಂಟಿ ನಿಂತಿತು.

"ಡ್ಯಾಮ್ ಒಡೀತೇನೋ?" ಅತ್ತೆಯ ದನಿ ತೀರ ಸಣ್ಣದಾಗಿತ್ತು.

"ಇಲ್ಲತ್ತಿ, ಟೈರ್."

ಅವಳು ಕೊರಳಿನ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ನನಗೆ ಮುಚ್ಚಲು ಧೈರ್ಯ ಸಾಲಲಿಲ್ಲ. ಮುಚ್ಚಿದರೆ ಮಗಳ ಮುಖ ಕಾಣುತ್ತಿತ್ತು.

ನಾನು ಕೆಳಗಿಳಿದೆ. ಹಿಂದೆ ಹಳೆಯ ಸಣ್ಣ ಚಕ್ರವೊಂದು ಇತ್ತು, ಜಾಕೂ ಇತ್ತು. ಪಾನಾ ಹಿಡಿದು ನಟ್ಟಿನ ಮುಂದೆ ಕುಳಿತಾಗ ನೆನಪಾಯಿತು, ಕೀಲಿ ಜಗಲಿಯ ಮೇಲೆ ಕುಂಕುಮ ಹಚ್ಚಿಕೊಂಡು ದೇವರ ಪಕ್ಕದಲ್ಲಿದೆ. ಕಳ್ಳರಿಂದ ಕಾಪಾಡಲು ಹಾಕಿಸಿದ ನಟ್ಟು ಮಾಲೀಕನನ್ನೂ ಹತ್ತಿರ ಸೇರಿಸಲಿಲ್ಲ.

ಎರಡೂ ಕಡೆ ವಾಹನಗಳು ನಿಂತವು. ಬಸ್ಸಿನ ಡ್ರೈವರ್ ಇಳಿದು ಬಂದು ಚಕ್ರವನ್ನೂ ನನ್ನನ್ನೂ ಒಂದೊಂದು ಸಲ ನೋಡಿದ. "ಏಂಟಿ ಸಾರ್, ಟ್ರ್ಯಾಕ್ಟರ್‌ದಿ ವೇಶಾರಾ?" ಎಂದ. ಟ್ರ್ಯಾಕ್ಟರಿನ ಚಕ್ರ ಹಾಕಿದಿರಾ ಎಂದು ಅವನ ಪ್ರಶ್ನೆ. ನಾನು ತೆಲುಗು ಬಾರದವನಂತೆ ನಿಂತೆ.

ಗಂಡಸರು ಕಾರು ತಳ್ಳಲು ಬಂದರು. ಅದಕ್ಕೆ ಮೊದಲು ಅತ್ತೆಯನ್ನು ಇಳಿಸಬೇಕಿತ್ತು. ಇಳಿದಷ್ಟು ಸುಲಭವಾಗಿ ಆ ಬಾವಿಯಿಂದ ಮೇಲೆ ಬರಲಾಗುವುದಿಲ್ಲ. ಬಸ್ಸಿನ ಇಬ್ಬರು ಹೆಂಗಸರು ಕೈ ಹಿಡಿದು ಜಗ್ಗಿದರು, ನಾನು ಆಚೆಯ ಬಾಗಿಲಿನಿಂದ ನೂಕಿದೆ. ಬಸ್ಸಿನ ಕಿಟಕಿಗಳಲ್ಲೆಲ್ಲ ಮೊಬೈಲುಗಳು ಕಂಡವು. ಅತ್ತೆ ಹೊರಬಂದು, ಸೆರಗು ಸರಿಮಾಡಿಕೊಂಡು, "ರಾಹುಕಾಲಕ್ಕ ಎಷ್ಟು ಹೊತ್ತೈತೋ?" ಎಂದು ಕೇಳಿದಳು. ಗಡಿಯಾರ ನೋಡಿದೆ, ಒಂದು ತಾಸೂ ಉಳಿದಿರಲಿಲ್ಲ.

ಕಾರನ್ನು ಅಣೆಕಟ್ಟೆಯಾಚೆ ತಳ್ಳಿ ನಿಲ್ಲಿಸಿದ ಮೇಲೆ ನಮ್ಮನ್ನು ಹತ್ತಿಸಿಕೊಂಡವನು ಕುರಿ ಸಾಗಿಸುವ ಬೀರಣ್ಣ. ಅವನ ಸಣ್ಣ ಗೂಡ್ಸ್ ಗಾಡಿಯಲ್ಲಿ ಮುಂದೆ ಒಬ್ಬರಿಗಷ್ಟೇ ಜಾಗ. ಅಲ್ಲಿ ಅತ್ತೆ ಕುಳಿತಳು. ನಿಶ್ಚಯಕ್ಕೆಂದು ಇಸ್ತ್ರಿ ಮಾಡಿಸಿದ ಬಿಳಿ ಧೋತರವನ್ನು ಮೊಣಕಾಲಿಗೆತ್ತಿಕೊಂಡು ನಾನು ಹಿಂದೆ ಹತ್ತಿದೆ.

"ಹುಷಾರ್ರೀ ಯಜಮಾನ್ರ, ಕರೀ ಟಗರು ಹಾಯ್ತೈತಿ" ಎಂದು ಬೀರಣ್ಣ ಮುಂದಿನಿಂದ ಕೂಗಿದ. ಅದು ದಾರಿಯುದ್ದಕ್ಕೂ ಹಾಯಲಿಲ್ಲ. ಹಾಯುತ್ತೇನೆ ಎಂಬಂತೆ ನೋಡುತ್ತಲೇ ಇತ್ತು. ನಾನು ಅದರಿಂದ ಕಣ್ಣು ಕೀಳದೆ, ರಾಹುಕಾಲಕ್ಕೆ ಕಾಲು ತಾಸಿರುವಾಗ ಗದ್ವಾಲ್ ತಲುಪಿದೆ.

ಬೀಗರ ಮನೆಯ ಮುಂದೆ ಚಪ್ಪರ, ಜನ, ಕೈಯಲ್ಲಿ ಗುಲಾಬಿನೀರಿನ ದಾನಿ ಹಿಡಿದ ಹುಡುಗಿಯರು. ಕುರಿಗಳ ನಡುವಿನಿಂದ ಹೆಣ್ಣಿನ ತಂದೆ ಇಳಿದ. ಗುಲಾಬಿನೀರನ್ನು ನನ್ನ ಮೇಲೆ ಬಹಳ ಹೊತ್ತು ಚಿಮುಕಿಸಿದರು. ಗಿರಿಜಾ ಬಂದು ನನ್ನ ಅಂಗಿಗೆ ಅಂಟಿದ ಉಣ್ಣೆ ಕಿತ್ತಳು. ಬಾಗಿಲಲ್ಲಿ ನಿಂತ ಸುಮಾ ನನ್ನನ್ನು ಬಿಟ್ಟು ಬಸಮ್ಮತ್ತೆಯ ಮುಖವನ್ನೇ ನೋಡುತ್ತಿದ್ದಳು. ಎಲ್ಲರೂ ಅದನ್ನೇ ನೋಡುತ್ತಿದ್ದರು.

ಅತ್ತೆ ಚಾಪೆಯ ಮೇಲೆ ಕುಳಿತಳು. ಚಹಾ ಬಂತು. ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು.

"ತಾಂಬೂಲ ಬದಲು ಮಾಡ್ರಿ" ಎಂದಳು. "ಇವನ ಗಾಡಿಯಾಗ ಕುಂತು ಜೀವಂತ ಬಂದೀನಿ ಅಂದಮ್ಯಾಲ ಶಿವನ ಮನಸ್ಸಿನಾಗ ಈ ಲಗ್ನ ಐತಿ. ನಾ ಯಾಕ ಅಡ್ಡ ಬರಲಿ?"

ಸುಮಾ ಅತ್ತುಬಿಟ್ಟಳು. ನನಗೂ ಕಣ್ಣು ತುಂಬಿ ಬಂತು.

ತಾಂಬೂಲವಾಯಿತು, ಊಟವಾಯಿತು. ಕೈ ತೊಳೆಯುವಾಗ ಬೀಗರಾದ ಚನ್ನಬಸಪ್ಪನವರು ನನ್ನ ಭುಜ ಮುಟ್ಟಿ, "ಒಂದೀಟು ಮಾತಾಡೋದೈತ್ರಿ" ಎಂದು ಹಿತ್ತಿಲಿಗೆ ಕರೆದೊಯ್ದರು. ಮುಗಿಯಿತು ಎಂದುಕೊಂಡೆ. ಏನು ಕೇಳುತ್ತಾರೋ, ಎಷ್ಟು ಕೇಳುತ್ತಾರೋ ಎಂದು ಅಂಗಡಿಯಲ್ಲಿದ್ದ ಸೀರೆಗಳ ಬೆಲೆಯನ್ನೆಲ್ಲ ಮನಸ್ಸಿನಲ್ಲೇ ಕೂಡಿಸತೊಡಗಿದೆ.

ಅವರು ಸುತ್ತಮುತ್ತ ನೋಡಿ ದನಿ ತಗ್ಗಿಸಿದರು. "ನೋಡ್ರಿ ಬೀಗರ, ನಮಗ ಕೊಡೋದು ತಗೊಳ್ಳೋದು ಏನೂ ಬ್ಯಾಡ. ನಿಮ್ಮ ಮಗಳು ಬಂದ್ರ ಸಾಕು. ಆದ್ರ ಒಂದು ಕರಾರು ಐತ್ರಿ. ನೀವು ಒಪ್ಪಲೇಬೇಕು."

"ಹೇಳ್ರಿ" ಎಂದೆ.

"ಲಗ್ನದ ದಿನ ನೀವು ಬಸ್ಸಿನ್ಯಾಗ ಬರಬೇಕ್ರಿ."

ನಾನು ಹೆಣ್ಣು ಹೆತ್ತವನು. ಎರಡೂ ಕೈ ಮುಗಿದು ಒಪ್ಪಿಕೊಂಡೆ.