ಅತ್ತೆಯ ಹೀರೇಬಳ್ಳಿ ಮತ್ತು ನನ್ನ ಮೂಗು

ರೈಲ್ವೆ ಕಚೇರಿಯಲ್ಲಿ ಕಡತಗಳನ್ನು ಶಿಸ್ತಾಗಿ ಇಡುವವನು ಎಂದು ನನಗೆ ಹೆಸರಿದೆ. ಆ ಹೆಸರು ಕೊಟ್ಟುಕೊಂಡವನೂ ನಾನೇ. ಒಂದೇ ಕಾಗದ ಎರಡು ಕಡೆ ಕಂಡರೆ, ಒಂದನ್ನು ಹರಿದು ಹಾಕುವವರೆಗೆ ನನಗೆ ಊಟ ಸೇರದು. ಇಂಥವನಿಗೆ ಒಂದು ವಿಡಿಯೋ ಮಾಡುವುದು ಯಾವ ಮಹಾ ಕೆಲಸ?

ಗದಗಿನಿಂದ ನಾಗಪುರಕ್ಕೆ ನಮ್ಮ ಜೊತೆ ಇರಲು ಬಂದಾಗ ಅತ್ತೆ ಸೆರಗಿನ ತುದಿಯಲ್ಲಿ ಹೀರೇಬೀಜ ಕಟ್ಟಿಕೊಂಡು ಬಂದಿದ್ದರು. ಈ ಊರಿನ ಬಿಸಿಲಿನಲ್ಲಿ ಬಳ್ಳಿ ಬದುಕಿದ್ದೇ ಹೆಚ್ಚು. ಅದು ಮೊಗ್ಗು ಕಟ್ಟುವ ಹೊತ್ತಿಗೆ ಅತ್ತೆ ರಾಮದಾಸಪೇಠದ ಆಸ್ಪತ್ರೆ ಸೇರಿದರು. ಇನ್ನು ಮನೆಗೆ ಬರುವುದಿಲ್ಲ ಎಂದು ಡಾಕ್ಟರು ನನಗೂ ನನ್ನ ಹೆಂಡತಿ ಶಾರದೆಗೂ ಮಾತ್ರ ಹೇಳಿದರು. ಅತ್ತೆ ಕೇಳುತ್ತಿದ್ದುದು ಒಂದೇ.

“ಹೂ ಬಿಟ್ತೇನ, ಶಾರದಾ?”

“ಇವತ್ತ ಸಂಜೀಕ ಬಿಡತೈತವ್ವಾ. ಕಿತ್ಕೊಂಡು ಬರ್ಲೇನ?”

“ಕೀಳಬ್ಯಾಡ. ಕಾಯಿ ಆಗಬೇಕದು.”

“ಫೋನಿನಾಗ ಒಂದು ಫೋಟೋ ತಗೀರಿ, ಸಾಕು,” ಎಂದಳು ಶಾರದಾ ನನಗೆ. ನಾನು ನಕ್ಕೆ. ಅತ್ತೆ ಮೊಗ್ಗು ಬಿಚ್ಚುವುದನ್ನೇ ನೋಡಬೇಕು!

ಮದುವೆಗಳಲ್ಲಿ ಫೋಟೋ ತೆಗೆಯುವ ಪಕ್ಕದ ಮನೆಯ ವಾನಖೇಡೆ ಕ್ಯಾಮೆರಾ ಕೊಟ್ಟು, ಪಾಠವನ್ನೂ ಹೇಳಿದರು. ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ಒಂದರ ಹಿಂದೊಂದು ರಾ ಫೋಟೋ, ಅಂದರೆ ಬಣ್ಣ ಬೆಳಕು ತಿದ್ದದ ಕಚ್ಚಾ ಫೋಟೋ ತೆಗೆಯಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಎಲ್ಲದರ ಬೆಳಕು ಸಮ ಮಾಡಿ ಜೋಡಿಸಿದರೆ ಹೂ ಕಣ್ಣೆದುರೇ ಅರಳುತ್ತದೆ.

“ಜಲ್ದಿ ಮತ್ ಕರೋ, ಭಾವು,” ಎಂದು ಅವಸರ ಮಾಡದಂತೆಯೂ ಎಚ್ಚರಿಸಿದರು.

ಸಂಜೆ ಫೋಟೋ ತೆಗೆದದ್ದಾಯಿತು. ಮರುದಿನ ಬೆಳಿಗ್ಗೆ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಒಂದೇ ಸರಕು ಎರಡು ಕಡೆ ಯಾಕೆಂದು ಕ್ಯಾಮೆರಾದ ಕಾರ್ಡನ್ನು ಬರಿದು ಮಾಡಿದೆ. ತೆರೆದು ನೋಡಿದರೆ ನೂರಾರು ಫೋಟೋ, ಎಲ್ಲವೂ ಒಂದೇ ಥರ. ನನ್ನೊಳಗಿನ ಗುಮಾಸ್ತ ಎದ್ದು ಕುಳಿತ. ಅಷ್ಟರಲ್ಲಿ ಕಂಪ್ಯೂಟರೇ ಕೇಳಿತು: ಒಂದೇ ರೀತಿಯ ಫೋಟೋಗಳಿವೆ, ಅತ್ಯುತ್ತಮವಾದುದನ್ನು ಉಳಿಸಿ ಮಿಕ್ಕವನ್ನು ಅಳಿಸಲೇ? ಎಂಥ ಸಂಸ್ಕಾರವಂತ ಯಂತ್ರ! ಅಳಿಸು ಎಂದೆ; ಕಂಪ್ಯೂಟರಿನ ಕಸದಬುಟ್ಟಿಯನ್ನೂ ಬರಿದು ಮಾಡಿದೆ.

ಒಂದು ಉಳಿಯಿತು. ಕ್ಯಾಮೆರಾ ನಡೆಯುತ್ತಿದೆಯೋ ಇಲ್ಲವೋ ಎಂದು ನಾನು ಬಗ್ಗಿ ಇಣುಕಿದಾಗ ಬಿದ್ದ ಫೋಟೋ ಅದು. ಮನುಷ್ಯನ ಮುಖವಿದ್ದರೆ ಅದೇ ಅತ್ಯುತ್ತಮವಂತೆ.

“ಇರಲಿ ಬಿಡ್ರಿ, ಇವತ್ತ ಸಂಜೀಕ ಮತ್ತ ತಗೀರಿ,” ಎಂದು ಶಾರದಾ ಹೇಳುತ್ತಿದ್ದಂತೆಯೇ ಆಸ್ಪತ್ರೆಯಿಂದ ಫೋನ್ ಬಂತು. ನಿನ್ನೆಯ ಹೂ ಆಗಲೇ ಮುದುಡಿತ್ತು; ಸಂಜೆಯವರೆಗೆ ಕಾಯುವಂತಿರಲಿಲ್ಲ.

ಇದ್ದ ಆ ಒಂದನ್ನೇ ಫೋನಿಗೆ ಹಾಕಿಕೊಂಡು ಹೋಗಿ ಅತ್ತೆಯ ಮುಂದೆ ಹಿಡಿದೆ.

“ಹೂ ಎಲ್ಲೈತ್ರೀ, ಅಳಿಯಂದ್ರ? ಬರೇ ಮೂಗ ಕಾಣತೈತಿ.”

“ನನ್ನ ಕಿವಿ ಹಿಂದ ನೋಡ್ರಿ, ಅತ್ತಿ. ಹಳದಿ ಐತಲ್ಲ?”

ಬಹಳ ಹೊತ್ತು ನೋಡಿದರು. “ಹೂಂ. ಬಿಟ್ಟೈತಿ,” ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರು ಹೋಗಿಬಿಟ್ಟರು.

ಬಳ್ಳಿ ತುಂಬ ಈಗ ಕಾಯಿ. ಶಾರದಾ ನನ್ನನ್ನು ಒಂದು ಮಾತೂ ಬೈದಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಮೊನ್ನೆ ವಾನಖೇಡೆ ಬಂದು ವಿಡಿಯೋ ತೋರಿಸಿ ಎಂದರು. ಆ ಫೋಟೋ ತೋರಿಸಿದೆ. ಅವರು ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಕೊನೆಗೆ ಮೆಲ್ಲಗೆ, “ಫೋಕಸ್ ಬರೋಬರ್ ಹೈ,” ಎಂದರು.

ನಿಜ. ಮೂಗಿನ ಒಂದೊಂದು ಕೂದಲನ್ನೂ ಎಣಿಸಬಹುದಿತ್ತು.