ಜಾಕ್ ಎತ್ತತೈತಿ, ಹಿಡಿಯಂಗಿಲ್ಲ

ಇಡೀ ಗೋರೆಗಾಂವಿನಲ್ಲಿ ಗಾಡಿಯೇ ಇಲ್ಲದೆ ಜಾಕ್ ಇಟ್ಟುಕೊಂಡಿರುವ ಮನುಷ್ಯ ಒಬ್ಬರೇ ಒಬ್ಬರು. ಅವರು ನಮ್ಮ ಮಾಮಾ, ಅಂದರೆ ನನ್ನ ತಾಯಿಯ ಖಾಸಾ ತಮ್ಮ. ಕಾರು ಇಲ್ಲ, ಸ್ಕೂಟರ್ ಇಲ್ಲ, ಸೈಕಲ್ಲನ್ನೂ ವಿಜಯಪುರದಲ್ಲೇ ಬಿಟ್ಟು ಬಂದವರು. ಆದರೂ ಜೋಗೇಶ್ವರಿಯ ಗುಜರಿ ಅಂಗಡಿಯಲ್ಲಿ ಒಂದು ಹೈಡ್ರಾಲಿಕ್ ಜಾಕ್ ಕಂಡದ್ದೇ ತಡ, ಅದನ್ನು ಹಿಂದೆ ಮುಂದೆ ತಿರುಗಿಸಿ, ಕೆಳಗೆ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದರು. ಹೆಣ್ಣು ನೋಡಲು ಬಂದಾಗ ಅವರು ಇದರ ಅರ್ಧದಷ್ಟೂ ನೋಡಿರಲಿಲ್ಲ ಎಂದು ಮಾಮಿ ಈಗಲೂ ಹೇಳುತ್ತಾರೆ.

ನಿವೃತ್ತರಾದ ಗಂಡಸರು ಏನು ಮಾಡುತ್ತಾರೆ? ಗಾರ್ಡನ್ನಿಗೆ ವಾಕಿಂಗ್ ಹೋಗುತ್ತಾರೆ, ಸೊಸೈಟಿಯ ಮೀಟಿಂಗಿನಲ್ಲಿ ಜಗಳ ತೆಗೆಯುತ್ತಾರೆ. ನಮ್ಮ ಮಾಮಾ ಸಾಮಾನುಗಳನ್ನು ಎತ್ತತೊಡಗಿದರು. ಮೊದಲು ಕಪಾಟು, ಆಮೇಲೆ ಮಂಚ, ಆಮೇಲೆ ಫ್ರಿಜ್. ಮಾಮಿಯ ಕಿವಿಯೋಲೆಯೊಂದು ಫ್ರಿಜ್ಜಿನ ಕೆಳಗೆ ಹೋಗಿತ್ತು. ಪೊರಕೆ ಹಾಕಿ ಎಳೆದಿದ್ದರೆ ಮುಗಿಯುತ್ತಿತ್ತು. ಆದರೆ ಜಾಕ್ ಇರುವ ಮನೆಯಲ್ಲಿ ಪೊರಕೆಗೆ ಏನು ಮರ್ಯಾದೆ? ಫ್ರಿಜ್ ಮೇಲೇರಿತು, ಓಲೆ ಸಿಕ್ಕಿತು, ಫ್ರಿಜ್ಜಿನ ಕೆಳಗೆ ನಾಲ್ಕೂ ಮೂಲೆಗೆ ಕಟ್ಟಿಗೆಯ ದಿಮ್ಮಿಗಳು ಬಂದವು. ಇಳಿಸುವ ಕೆಲಸ ಮಾತ್ರ ಆಗಲಿಲ್ಲ. 'ಎತ್ತೂಕಿಂತ ಇಳಸೂದು ಜೋಖಮ್. ನಾ ಇನ್ನೂ ವಿಚಾರ ಮಾಡಾಕತ್ತೀನಿ' ಎಂದರು. ಅವರು ವಿಚಾರ ಮಾಡಿ ಮುಗಿಸುವವರೆಗೆ ಮಾಮಿ ಹಾಲು ತೆಗೆಯಲು ಸ್ಟೂಲ್ ಹತ್ತುತ್ತಿದ್ದರು.

ಈ ಪ್ರಕರಣದ ಸಮಯದಲ್ಲೇ ಅವರ ಬಾಯಿಂದ ಆ ವಾಕ್ಯ ಹುಟ್ಟಿದ್ದು: 'ಜಾಕ್ ಎತ್ತತೈತಿ, ಹಿಡಿಯಂಗಿಲ್ಲ. ಹಿಡಿಯಾಕ ಆಸರ ಬೇಕು.' ಎತ್ತಿದ್ದರ ಕೆಳಗೆ ಆಸರ ಇಡದೆ ಕೈ ಹಾಕಬಾರದು ಎಂಬುದು ತಾತ್ಪರ್ಯ. ಮಾತು ತಪ್ಪಲ್ಲ. ಆದರೆ ಮದುವೆ ಮನೆಯಲ್ಲಿ, ಸತ್ತವರ ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಚಹಾ ಕಪ್ಪು ಟ್ರೇಯಿಂದ ಎತ್ತಿಕೊಳ್ಳುವಾಗ ಎಲ್ಲ ಕಡೆ ಅದನ್ನೇ ಕೇಳಿದರೆ ಮನುಷ್ಯ ಏನಾಗಬೇಕು?

ಮುಂಬೈಯಲ್ಲಿ 'ಜಾಕ್ ಹಚ್ಚು' ಎಂದರೆ ಬೇರೆಯೇ ಅರ್ಥವೆಂದು ನಿಮಗೆ ಗೊತ್ತಿರಬಹುದು. ವಶೀಲಿ ಹಚ್ಚು, ದೊಡ್ಡವರಿಗೆ ಒಂದು ಮಾತು ಹೇಳಿಸು ಎಂದರ್ಥ. ಮಾಮಾನ ಹಳೆಯ ಸಾಹೇಬರು ಯಾವುದೋ ಕಾಲೇಜಿನ ಕಮಿಟಿಯಲ್ಲಿದ್ದಾರೆ ಎಂದು ಹೇಗೋ ತಿಳಿದುಕೊಂಡ ಕೆಳಗಿನ ಮನೆಯ ಮರಾಠಿ ಗೃಹಸ್ಥರು, ಮಗನ ಅಡ್ಮಿಷನ್ನಿಗಾಗಿ ಲಿಫ್ಟಿನಲ್ಲಿ ಮಾಮಾನ ಕೈ ಹಿಡಿದುಕೊಂಡರು. 'ಕಾಕಾ, ಜರಾ ಜಾಕ್ ಲಾವಾ ನಾ.' ಮಾಮಾ ಗಂಭೀರವಾಗಿ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಆ ಗೃಹಸ್ಥರು ಆಫೀಸಿಗೆ ಹೊರಟು ಪಾರ್ಕಿಂಗಿಗೆ ಬಂದರೆ ಅವರ ಕಾರಿನ ಮುಂದಿನ ಚಕ್ರ ಗಾಳಿಯಲ್ಲಿದೆ! ಹಿಂದಿನ ಚಕ್ರಗಳಿಗೆ ಅಡ್ಡ ಕಟ್ಟಿಗೆ, ಕೆಳಗೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ ನಮ್ಮ ಮಾಮಾ. 'ನೀವ ಹೇಳಿದ್ರಿ, ಹಚ್ಚೀನಿ' ಎಂದರು. ತಾವು ಹೇಳಿದ್ದು ಅಡ್ಮಿಷನ್ನಿನ ವಿಷಯ ಎಂದು ಅವರು ಕೂಗಾಡಿದಾಗ ಬಂದ ಉತ್ತರ: 'ಅದಕ್ಕೂ ಇದ ಮಾತರಿ. ಜಾಕ್ ಎತ್ತತೈತಿ, ಹಿಡಿಯಂಗಿಲ್ಲ. ಹುಡುಗಗ ಓದು ಅಂತ ಹೇಳ್ರಿ.' ಮಾಮಾನದು ಪೆದ್ದುತನವೋ ಕಿಡಿಗೇಡಿತನವೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ಆ ಮನೆಯವರು ಮಾತ್ರ ಲಿಫ್ಟಿನಲ್ಲಿ ಮಾಮಾ ಇದ್ದರೆ ಮೆಟ್ಟಿಲು ಹತ್ತುತ್ತಾರೆ.

ಈ ಹುಚ್ಚಿನ ಬೀಜ ಹಳೆಯದು. ನೌಕರಿಯಲ್ಲಿದ್ದಾಗ ಮಾಮಾ ಮತ್ತು ಮಾಮಿ ಇಬ್ಬರೂ ಬಾಂದ್ರಾಕ್ಕೆ ಒಂದೇ ಲೋಕಲ್ಲಿನಲ್ಲಿ ಹೋಗುತ್ತಿದ್ದರು. ಮಾಮಾ ಜನರಲ್ ಡಬ್ಬಾದಲ್ಲಿ, ಮಾಮಿ ಲೇಡೀಸಿನಲ್ಲಿ. ಕೆಲವು ದಿನ ಜೋಗೇಶ್ವರಿಯಲ್ಲಿ ನಾನೂ ಮಾಮಾನ ಡಬ್ಬಾ ಹತ್ತಿಕೊಳ್ಳುತ್ತಿದ್ದೆ. ಮಾಮಾನಿಗೆ ಪ್ರತಿ ಸ್ಟೇಷನ್ನಿನಲ್ಲಿ ಪ್ಲಾಟ್‌ಫಾರ್ಮಿಗೆ ಇಳಿಯಬೇಕು! ಇಳಿದು, ಕತ್ತು ಉದ್ದ ಮಾಡಿ ರೈಲಿನುದ್ದಕ್ಕೂ ನೋಡಿ, ಮತ್ತೆ ಹತ್ತಬೇಕು. ಅಂಧೇರಿಯಲ್ಲಿ ಹೀಗೆ ಇಳಿದು ಹತ್ತುವುದೆಂದರೆ ಏನೆಂದು ಹತ್ತಿದವರಿಗೇ ಗೊತ್ತು. ಜನ ಮೂರು ಭಾಷೆಯಲ್ಲಿ ಬೈಯುತ್ತಿದ್ದರು. 'ಏನ್ ನೋಡ್ತೀರಿ ಮಾಮಾ?' ಎಂದರೆ, 'ಚಕ್ರ ಹಳಿ ಮ್ಯಾಲೆ ಅದಾವೋ ಇಲ್ಲೋ ನೋಡಾಕತ್ತೀನಿ' ಎನ್ನುವರು. ಒಮ್ಮೆ ವಿಲೇಪಾರ್ಲೆಯಲ್ಲಿ ಹೀಗೆ ನೋಡುತ್ತ ನಿಂತಿರುವಾಗಲೇ ರೈಲು ಹೊರಟುಹೋಯಿತು. ಮಾಮಾ ಪ್ಲಾಟ್‌ಫಾರ್ಮಿನಲ್ಲೇ ಉಳಿದರು, ಊಟದ ಡಬ್ಬಿ ಮಾತ್ರ ನನ್ನ ಜೊತೆ ಬಾಂದ್ರಾಕ್ಕೆ ಬಂತು. ನಾವೆಲ್ಲ ಅದನ್ನು ಹೇಳಿಕೊಂಡು ಎಷ್ಟು ವರ್ಷ ನಕ್ಕಿದ್ದೇವೆ!

ಈಗ ನನ್ನ ಗಾಡಿಯ ಕಥೆ. ನನ್ನದಲ್ಲ, ನಾನು ಕೆಲಸ ಮಾಡುವ ಕಂಪನಿಯದು. ಗೋರೆಗಾಂವಿನ ಗುಡ್ಡದ ಮೇಲೆ ನಡೆಯುವ ಶೂಟಿಂಗುಗಳಿಗೆ ನಾವು ಲೈಟು ಮತ್ತಿತರ ಸಾಮಾನು ಬಾಡಿಗೆ ಕೊಡುತ್ತೇವೆ. ಕಲ್ಲುದಾರಿಯಲ್ಲಿ ಅವನ್ನು ಸಾಗಿಸಲು ಒಂದು ವಿಚಿತ್ರ ವಾಹನವಿದೆ. ಡುಬ್ಬ ಡುಬ್ಬ ಟೈರು, ಬಾಗಿಲಿಲ್ಲ, ಮೇಲೆ ಪೈಪಿನ ಪಂಜರ, ಮುಂದೆ ಇಬ್ಬರು, ಹಿಂದೆ ಇಬ್ಬರು. ಹೆಸರು ಸೈಡ್ ಬೈ ಸೈಡ್.

'ಹಂಗಂದ್ರೇನೋ?' ಎಂದು ಮಾಮಿ ಕೇಳಿದರು.

'ಬಾಜು ಬಾಜೂಕ ಕುಂದರೂದ್ರಿ ಮಾಮಿ.'

ಮಾಮಿ ಮೊಣಕಾಲು ನೀವಿಕೊಂಡರು. ಮುಂದಿನ ತಿಂಗಳು ಅದರ ಆಪರೇಷನ್ ಇತ್ತು. ಹೆದರಿದ್ದರು, ಆದರೆ ಹೇಳಿರಲಿಲ್ಲ. 'ಆಪರೇಷನ್‌ಕಿಂತ ಮೊದಲ ನನ್ನ ಒಮ್ಮೆ ಅದರಾಗ ಕರಕೊಂಡ ಹೋಗು. ಇವರ ಬಾಜೂಕ ಕುಂದರಬೇಕು. ಮುಂಬೈಗೆ ಬಂದಾಗಿಂದ ರೈಲಿನ್ಯಾಗ ಬ್ಯಾರೆ ಬ್ಯಾರೆ. ರಿಕ್ಷಾದಾಗ ಕುಂತ್ರ ನಡುವ ಚೀಲ ಇಡ್ತಾರ.'

ಅವರು ಬೇರೇನೂ ಕೇಳಲಿಲ್ಲ. ನನ್ನ ಮ್ಯಾನೇಜರನ್ನು ಒಪ್ಪಿಸಿ, ಶೂಟಿಂಗ್ ಇಲ್ಲದ ಒಂದು ಭಾನುವಾರ ಇಬ್ಬರನ್ನೂ ಕರೆದುಕೊಂಡು ಹೋದೆ. ಮಾಮಾ ಬಂದದ್ದು ಗೋಣಿಚೀಲದೊಂದಿಗೆ. ಜಾಕ್, ಸ್ಟ್ಯಾಂಡು, ದಿಮ್ಮಿಗಳು, ಪ್ಲೈವುಡ್ಡಿನ ಹಲಗೆ. ಚೀಲವನ್ನು ಹಿಂದಿನ ಸೀಟಿನಲ್ಲಿ ಇಟ್ಟರು, ಅದರ ಪಕ್ಕ ಮಾಮಿಯನ್ನು ಕೂರಿಸಿದರು. 'ಇಂವಗ ದಾರಿ ಹೇಳಬೇಕು' ಎಂದು ತಾವು ಮುಂದೆ ನನ್ನ ಪಕ್ಕ ಹತ್ತಿ ಕುಳಿತರು. ಬಾಜು ಬಾಜು ಕೂರುವ ಆಸೆಯಿಂದ ಬಂದ ಹೆಂಗಸಿಗೆ ಬಾಜೂಕ ಸಿಕ್ಕಿದ್ದು ಜಾಕ್! ಕನ್ನಡಿಯಲ್ಲಿ ಮಾಮಿಯ ಮುಖ ನೋಡಿ ನಾನು ಕಣ್ಣು ತಿರುಗಿಸಿದೆ.

ಅರ್ಧ ಗುಡ್ಡ ಹತ್ತಿರಲಿಲ್ಲ, ಒಂದು ಚೂಪು ಕಲ್ಲಿಗೆ ಹಿಂದಿನ ಟೈರು ಪಂಕ್ಚರ್ ಆಯಿತು. ಮಾಮಾನ ಮುಖದಲ್ಲಿ ಮೂಡಿದ ಸಂತೋಷವನ್ನು ಹೇಗೆ ವರ್ಣಿಸಲಿ? ಮೊಮ್ಮಗ ಹುಟ್ಟಿದಾಗಲೂ ಅಷ್ಟು ಇರಲಿಲ್ಲ. ನಾನು ಅಲ್ಲೇ ಇಳಿಜಾರಿನಲ್ಲಿ ಜಾಕ್ ಇಡಲು ಹೋದೆ. 'ಏ, ನಿಂದರ. ಸಪಾಟ ನೆಲ ನೋಡು' ಎಂದು ತಡೆದರು. ಮಾಮಿಯನ್ನು ಇಳಿಸಿ ದೂರದ ಬಂಡೆಯ ಮೇಲೆ ಕೂರಿಸಿ ಬಂದರು. ಗಾಡಿಯನ್ನು ಮೆಲ್ಲಗೆ ಸಮತಟ್ಟು ಜಾಗಕ್ಕೆ ತಂದೆ. ಬ್ರೇಕ್ ಹಾಕಿಸಿದರು, ಮುಂದಿನ ಚಕ್ರಗಳಿಗೆ ಅಡ್ಡ ದಿಮ್ಮಿ ಕೊಟ್ಟರು, ಎತ್ತುವ ಮೊದಲೇ ನಟ್ಟುಗಳನ್ನು ಸಡಿಲ ಮಾಡಿಸಿದರು. ಮಣ್ಣು ಮೆತ್ತಗಿದೆ ಎಂದು ಜಾಕಿನ ಕೆಳಗೆ ಹಲಗೆ ಬಂತು. ಜಾಕ್ ತಾಗಬೇಕಾದದ್ದು ಗಟ್ಟಿ ಚೌಕಟ್ಟಿಗೆ, ಚಕ್ರ ಹಿಡಿದಿರುವ ಸಪೂರ ಪೈಪಿಗಲ್ಲ ಎಂದು ಉಪನ್ಯಾಸವಾಯಿತು. ಗಾಡಿ ಮೇಲೆದ್ದ ಮೇಲೆ ಸ್ಟ್ಯಾಂಡ್ ಇಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ತಾವು ಅಲುಗಾಡಿಸಿ ನೋಡಿದರು, ನನಗೂ ಅಲುಗಾಡಿಸಲು ಹೇಳಿದರು. 'ಬರೋಬ್ಬರಿ ಐತಿಲ್ಲೋ?' ಎಂದು ದೂರದ ಬಂಡೆಯ ಮೇಲಿದ್ದ ಮಾಮಿಯ ಅಭಿಪ್ರಾಯವನ್ನೂ ಕೇಳಿದರು.

'ಆ ಗಾಡಿಗೆ ಭಾಳ ಕಾಳಜಿ ಮಾಡ್ತೀರಿ' ಎಂದು ಮಾಮಿ ಅಲ್ಲಿಂದಲೇ ಹೇಳಿದರು.

ಒಂದು ನಟ್ಟು ಉರುಳಿ ಗಾಡಿಯ ಕೆಳಗೆ ಹೋಯಿತು. ನಾನು ಕೈ ಹಾಕಿದೆನೋ ಇಲ್ಲವೋ, ಮುಂಗೈ ಮೇಲೆ ರಪ್ಪೆಂದು ಏಟು ಬಿತ್ತು. ಕಡೆಗೆ ಮಾಮಿಯ ಕೊಡೆಯಿಂದ ಅದನ್ನು ಎಳೆದದ್ದಾಯಿತು. ಸ್ಟೆಪ್ನಿ ಕೂತು, ಸ್ಟ್ಯಾಂಡು ಹೊರಬಂದು, ಗಾಡಿ ಕೆಳಗಿಳಿಯುವಷ್ಟರಲ್ಲಿ ನನ್ನ ತಾಳ್ಮೆ ಪೂರ್ತಿ ಮುಗಿದಿತ್ತು. ಮಾಮಾ ಚೀಲ ಕಟ್ಟಿ ತಂದು ಮತ್ತೆ ಹಿಂದಿನ ಸೀಟಿನಲ್ಲೇ ಇಟ್ಟರು.

ಮಾಮಿ ಕಾಲು ಎಳೆಯುತ್ತ ಬಂದು ಆ ಚೀಲವನ್ನು ನೋಡಿದರು. ಹತ್ತಲಿಲ್ಲ.

'ರೈಲಿನ್ಯಾಗ ಸ್ಟೇಷನ್ ಸ್ಟೇಷನ್ನಿಗೆ ಇಳದು ನೋಡ್ತಿದ್ರಿ. ಇವತ್ತ ಒಮ್ಮೆರ ಹಿಂದ ತಿರುಗಿ ನೋಡಿದ್ರೇನು?'

'ಚಕ್ರ ನೋಡ್ತಿದ್ರಲ್ರಿ ಮಾಮಿ?' ಎಂದೆ ನಾನು.

'ಎಲ್ಲೀ ಚಕ್ರ? ನನ್ನ ನೋಡ್ತಿದ್ರು. ಗದ್ದಲದಾಗ ನಾ ಹತ್ತಿದ್ನೋ ಬಿದ್ನೋ ಅಂತ ಇವರಿಗೆ ಅಂಜಿಕಿ. ನಾ ಲೇಡೀಸ್ ಬಾಗಲದಾಗ ನಿಂತು ಬಳಿ ತೊಟ್ಟ ಕೈ ಹೊರಗ ಹಾಕ್ತಿದ್ದೆ. ಕೈ ಕಂಡ ಮ್ಯಾಲೆ ಇವರು ಹತ್ತತಿದ್ರು. ಒಂದಿನ ವಿಲೇಪಾರ್ಲ್ಯಾಗ ನನಗ ಬಾಗಲತನಕ ಬರಾಕ ಆಗಲಿಲ್ಲ.'

ವಿಲೇಪಾರ್ಲೆ ಎಂದರೆ ನಾವು ವರ್ಷಗಟ್ಟಲೆ ನಕ್ಕದ್ದು. ನಾನು ಮಾಮಾನ ಮುಖ ನೋಡಿದೆ. ಅವರು ಕೈಗೆ ಹತ್ತಿದ ಗ್ರೀಸನ್ನು ಬಹಳ ಶ್ರದ್ಧೆಯಿಂದ ಒರೆಸಿಕೊಳ್ಳುತ್ತಿದ್ದರು. ನಾನು ಹೋಗಿ ಸ್ಟೀರಿಂಗ್ ಮುಂದೆ ಕುಳಿತೆ.

ಮಾಮಾ ಚೀಲವನ್ನು ಎತ್ತಿ ಮುಂದೆ ನನ್ನ ಪಕ್ಕದ ಸೀಟಿಗೆ ತಂದಿಟ್ಟರು. ಅದಕ್ಕೂ ಬೆಲ್ಟ್ ಹಾಕಿದರು, ಬಿಡುತ್ತಾರೆಯೇ? ಮಾಮಿಗೆ ಕೈ ಕೊಟ್ಟು ಹತ್ತಿಸಿ, ಬೆಲ್ಟ್ ಹಾಕಿ, ಆ ಕಡೆಯಿಂದ ಬಂದು ಪಕ್ಕದಲ್ಲಿ ಕುಳಿತರು. ನಡುವೆ ಏನೂ ಇರಲಿಲ್ಲ.

ನಾನು ಗಾಡಿ ಬಿಟ್ಟೆ. ಮೊದಲ ತಿರುವಿನಲ್ಲಿ ಗಾಡಿ ಕುಲುಕಿತು. ಕನ್ನಡಿಯಲ್ಲಿ ನೋಡಿದರೆ ಮಾಮಿಯ ಬಳೆಯ ಕೈ ಹಳೆಯ ರೂಢಿಯಿಂದ ತಾನಾಗಿಯೇ ಹೊರಗೆ ಬಂದಿತ್ತು.

'ಕೈ ಒಳಗ ತಗೋ' ಎಂದರು ಮಾಮಾ. 'ನಾ ಇಲ್ಲೇ ಅದೀನಿ.'