ಶಾಕಬ್ಸಾರ್ಬರೂ ಅತ್ತೆಯವರ ಚೊಂಬೂ

ಗಂಡಸಿಗೆ ನಿಜವಾಗಿ ಹೆದರಿಕೆಯಾದಾಗ ಅವನು ಸ್ಪ್ಯಾನರ್ ಹುಡುಕುತ್ತಾನೆ. ಇದು ನಮ್ಮ ವಂಶದಲ್ಲಂತೂ ಸಾಬೀತಾದ ಸಂಗತಿ. ನನ್ನ ಅಕ್ಕನಿಗೆ ಅಪೆಂಡಿಕ್ಸ್ ಆಪರೇಷನ್ ಆದ ದಿನ ನಮ್ಮ ತಂದೆ ಆಸ್ಪತ್ರೆಯಲ್ಲಿ ಒಂದು ಗಳಿಗೆಯೂ ಕೂರಲಾರದೆ ಮನೆಗೆ ಬಂದು, ಚೆನ್ನಾಗಿ ತಿರುಗುತ್ತಿದ್ದ ಸೀಲಿಂಗ್ ಫ್ಯಾನನ್ನು ಕೆಳಗಿಳಿಸಿ, ರೆಕ್ಕೆ ಬಿಚ್ಚಿ, ಗ್ರೀಸ್ ಹಚ್ಚಿ ಮತ್ತೆ ಜೋಡಿಸಿದ್ದರು. ಅಕ್ಕ ಸರಿಹೋದಳು. ಫ್ಯಾನು ಮಾತ್ರ ಅವತ್ತಿನಿಂದ ಕಿರ್ರೋ ಎನ್ನುತ್ತಲೇ ಇತ್ತು. ಆಗ ನಾನು ನಕ್ಕಿದ್ದೆ. ನಗಬಾರದಿತ್ತು, ಏಕೆಂದರೆ ಮುಂದೆ ನನ್ನ ಸರದಿ ಬಂದಾಗ ನಾನು ಫ್ಯಾನಿಗೆ ತೃಪ್ತನಾಗದೆ ಒಂದು ಇಡೀ ಕಾರಿನ ಬುಡಕ್ಕೇ ಕೈಹಾಕಿದೆ.

ಆಗ ನಾವು ವಡೋದರಾದ ಗೋರ್ವಾದಲ್ಲಿದ್ದೆವು. ನಾನು ಅಲ್ಲೇ ಒಂದು ಪಂಪು ತಯಾರಿಸುವ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿದ್ದೆ. ಆ ಕೆಲಸದ ಸಾರಾಂಶವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಯಾವುದನ್ನೂ ನಂಬದೇ ಇರುವುದಕ್ಕಾಗಿ ನನಗೆ ಸಂಬಳ ಕೊಡುತ್ತಿದ್ದರು. ನನ್ನ ಹೆಂಡತಿ ಸುಮಾ ಬಸುರಿ. ಹಿಂದೊಮ್ಮೆ ನಾಲ್ಕನೇ ತಿಂಗಳಲ್ಲಿ ಕೈತಪ್ಪಿ ಹೋಗಿತ್ತು. ಅದಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ, ಯಾರೂ ಅದನ್ನು ಮರೆತೂ ಇರಲಿಲ್ಲ. ಚೊಚ್ಚಲ ಹೆರಿಗೆಗೆ ತವರಾದ ದಾವಣಗೆರೆಗೆ ಹೋಗಬೇಕಾದದ್ದು ಪದ್ಧತಿ. ಆದರೆ ಇಲ್ಲಿಯ ಲೇಡಿ ಡಾಕ್ಟರು ದೂರದ ಪ್ರಯಾಣ ಬೇಡವೇ ಬೇಡ ಎಂದರು. ಹೊರಡುವಾಗ, "ಕುಲುಕಾಟ ಸ್ವಲ್ಪ ಕಡಿಮೆ ಇರಲಿ" ಎಂದೂ ಸೇರಿಸಿದರು. ಅವರು ಎಲ್ಲ ಬಸುರಿಯರಿಗೂ ಹೇಳುವ ಮಾತು ಅದು ಎಂದು ಸುಮಾ ಎಷ್ಟು ಹೇಳಿದರೂ ನನ್ನ ತಲೆಯಲ್ಲಿ ಆ ಒಂದು ಪದ ಹೊಕ್ಕು ಕುಳಿತುಬಿಟ್ಟಿತು. ಕುಲುಕಾಟ!

ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳ ಹತ್ತಿರ ಬರುತ್ತದೆ. ಅತ್ತೆಯವರು ಒಂದು ಟ್ರಂಕು, ಒಂದು ಚೀಲ ಮಂಡಕ್ಕಿ ಮತ್ತು ತಮ್ಮ ತಾಮ್ರದ ಚೊಂಬಿನೊಂದಿಗೆ ರೈಲಿನಲ್ಲಿ ಬಂದಿಳಿದರು. ಬಂದವರೇ ಮನೆಯಲ್ಲಿ ಒಂದು ಕಾನೂನು ಜಾರಿ ಮಾಡಿದರು. ಹುಟ್ಟುವ ಮೊದಲು ಮಗುವಿಗೆಂದು ಏನೂ ತರಕೂಡದು. ತೊಟ್ಟಿಲಿಲ್ಲ, ಕುಲಾವಿಯಿಲ್ಲ, ಒಂದು ಗಿಲಕಿ ಕೂಡ ಇಲ್ಲ. "ಮೊದ್ಲು ಕೂಸು ಬರ್ಲಿ ಅಳಿಯಂದ್ರೆ, ಆಮೇಲೆ ಅಂಗಡಿನೇ ಹೊತ್ಕೊಂಡು ಬರ್ರಿ" ಎಂದರು. ಹಿಂದಿನ ಸಲದ ಭಯ ಅವರಿಗೂ ಇತ್ತು, ಹಾಗಾಗಿ ಎದುರಾಡುವ ಧೈರ್ಯ ನನಗಾಗಲಿಲ್ಲ. ಆದರೆ ಓದುಗರೇ, ನನ್ನ ಅವಸ್ಥೆ ಯೋಚಿಸಿ. ಹೆಂಡತಿ ಹೊರುತ್ತಿದ್ದಾಳೆ, ಅತ್ತೆ ಅಡುಗೆ ಮಾಡುತ್ತಿದ್ದಾರೆ, ಡಾಕ್ಟರು ನೋಡಿಕೊಳ್ಳುತ್ತಿದ್ದಾರೆ. ನನಗೆ ಮಾಡಲು ಒಂದು ಕೆಲಸವಿಲ್ಲ, ತರಲು ಒಂದು ವಸ್ತುವಿಲ್ಲ. ಬಹಳ ಯೋಚಿಸಿ ನೋಡಿದಾಗ, ಶಾಕಬ್ಸಾರ್ಬರನ್ನು ಯಾವ ಶಾಸ್ತ್ರವೂ ನಿಷೇಧಿಸಿಲ್ಲ ಎಂಬುದು ಹೊಳೆಯಿತು.

ನಮ್ಮ ಕಾರಿನ ವಿಷಯ ಹೇಳಬೇಕು. ಅದೊಂದು ಸೆಕೆಂಡ್ ಹ್ಯಾಂಡ್ ಪುಟ್ಟ ಕಾರು. ಅದರೊಳಗೆ ನಾಲ್ಕು ಜನ ಕೂರಬಹುದಿತ್ತು, ಆದರೆ ಆ ನಾಲ್ವರೂ ಒಂದೇ ಸಲ ಉಸಿರೆಳೆದುಕೊಳ್ಳುವ ಹಾಗಿರಲಿಲ್ಲ. ಗೋರ್ವಾದಿಂದ ನರ್ಸಿಂಗ್ ಹೋಮಿಗೆ ಹೋಗುವ ರಸ್ತೆಯಲ್ಲಿ ಕಾರ್ಖಾನೆಗಳ ಲಾರಿಗಳು ಓಡಾಡಿ ಡಾಂಬರೆಲ್ಲ ಎದ್ದುಹೋಗಿತ್ತು. ಅದು ಮುಗಿದರೆ ಹಂಪುಗಳು. ಪ್ರತಿ ಹೌಸಿಂಗ್ ಸೊಸೈಟಿಯವರೂ ತಮ್ಮ ಗೇಟಿನೆದುರು ತಮ್ಮ ಅಂತಸ್ತಿಗೆ ತಕ್ಕಷ್ಟು ಎತ್ತರದ ಹಂಪು ಕಟ್ಟಿಸಿದ್ದರು. ನಮ್ಮ ಕಾರು ಪ್ರತಿಯೊಂದು ಹಂಪಿನ ಮೇಲೂ ಧೊಪ್ಪೆಂದು ಬೀಳುತ್ತಿತ್ತು. ಹಾಗೆ ಬಿದ್ದಾಗಲೆಲ್ಲ ಸುಮಾಳ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಕನ್ನಡಿಯಲ್ಲಿ ಅದನ್ನು ನೋಡಿ ನಾನು ಗಾಡಿಯನ್ನು ಇನ್ನಷ್ಟು ನಿಧಾನ ಮಾಡುತ್ತಿದ್ದೆ.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ನನ್ನ ಕಾಲೇಜು ಗೆಳೆಯ ಪ್ರಹ್ಲಾದನಿದ್ದ. ಕೇಂದ್ರ ಸರ್ಕಾರದ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಒಂದು ಭಾನುವಾರ ಅವನ ಮನೆಗೆ ಹೋಗಿ ಸಂಕಟ ತೋಡಿಕೊಂಡೆ. ಅವನು ಸಂತೋಷದಿಂದ ಅರಳಿಹೋದ. ವರ್ಷಗಟ್ಟಲೆ ಆಕಾಶ ನೋಡುವವನಿಗೆ ನೆಲದ ಸಮಸ್ಯೆ ಸಿಕ್ಕಿದರೆ ಹಾಗೇ ಆಗುತ್ತದೋ ಏನೋ. "ಮೆತ್ತಗಿದ್ರೆ ಸುಖ ಅನ್ಕೊಂಡಿದೀಯ, ತಪ್ಪು ಕಣೋ. ಮೆತ್ತಗಿದ್ರೆ ಹಂಪು ದಾಟಿದ್ಮೇಲೂ ಗಾಡಿ ತೂಗಾಡ್ತಾನೇ ಇರುತ್ತೆ. ಗಟ್ಟಿ ಇದ್ರೆ ಒಂದೇ ಏಟು, ಆಮೇಲೆ ಸುಮ್ನಾಗುತ್ತೆ" ಎಂದ. "ಆ ಒಂದು ಏಟೇ ಬೇಡ ಅಂತ ಅಲ್ವೇನೋ ನಾನು ಬಂದಿರೋದು" ಎಂದೆ. ಅವನು ಯೋಚಿಸಿ, ಹಾಗಿದ್ದರೆ ಗುಂಡಿ ತಿರುಗಿಸಿ ಬೇಕಾದಾಗ ಮೆತ್ತಗೆ, ಬೇಕಾದಾಗ ಗಟ್ಟಿ ಮಾಡಿಕೊಳ್ಳುವಂಥದ್ದು ಹೊರದೇಶದಿಂದ ಬರುತ್ತದೆ, ಎತ್ತರ ಕೂಡ ಏರಿಸಿ ಇಳಿಸಬಹುದು, ಸೂರತ್‌ನಲ್ಲಿ ಸಿಗುತ್ತದೆ ಎಂದ. ಹೊರಡುವಾಗ ಅವನ ಹೆಂಡತಿ ನನ್ನನ್ನು ಕರೆದು, "ನಮ್ಮನೇಲೂ ಹಿಂಗೇ. ಹೆರಿಗೆ ಟೈಮಲ್ಲಿ ಇವರು ಮೂರು ಸಲ ನೀರಿನ ಮೋಟರ್ ಬಿಚ್ಚಿದ್ರು" ಎಂದು ಮೆಲ್ಲಗೆ ಹೇಳಿದರು.

ಸೂರತ್‌ನ ಅಂಗಡಿ ಬಟ್ಟೆ ಮಾರ್ಕೆಟ್ಟಿನ ಬೆನ್ನಿಗಿತ್ತು. ಸೀರೆ ಗಂಟು ಹೊತ್ತ ಕೈಗಾಡಿಗಳ ನಡುವೆ ನುಸುಳಿ ಅಲ್ಲಿಗೆ ತಲುಪುವ ಹೊತ್ತಿಗೆ ನಾನು ಬೆವರಿ ತೊಪ್ಪೆಯಾಗಿದ್ದೆ. ಮಾಲೀಕರು ಹಸಮುಖಭಾಯಿ. ಅವರ ಗಿರಾಕಿಗಳೆಲ್ಲ ವಜ್ರದ ವ್ಯಾಪಾರಿಗಳ ಗಂಡುಮಕ್ಕಳು. ಕಾರನ್ನು ನೆಲಕ್ಕೆ ಹೊಟ್ಟೆ ತಾಗುವಷ್ಟು ಇಳಿಸಿ, ಕಲ್ಲಿನಂತೆ ಗಟ್ಟಿ ಮಾಡಿಸಿಕೊಂಡು ಹೋಗುವವರು. ನಾನು ನನ್ನ ಬೇಡಿಕೆ ವಿವರಿಸಿದೆ. ಅವರು ಚಹಾದ ಸಾಸರನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಸಾಹೇಬ್, ಎಲ್ಲರೂ ನನ್ನ ಹತ್ತಿರ ರೇಸಿನ ಗಾಡಿ ಕೇಳುತ್ತಾರೆ. ತೊಟ್ಟಿಲು ಕೇಳಿದವರು ನೀವೇ ಮೊದಲು" ಎಂದು ಹಿಂದಿಯಲ್ಲಿ ಹೇಳಿ, ಒಳಗಿನಿಂದ ಕೆಂಪು ಸುರುಳಿಯ ನಾಲ್ಕು 'ಜಂಪರ್' ತರಿಸಿದರು. ಅಲ್ಲಿ ಶಾಕಬ್ಸಾರ್ಬರಿಗೆ ಅದೇ ಹೆಸರು. ಕುಲುಕಾಟ ತಪ್ಪಿಸಲು ಬಂದವನಿಗೆ ಆ ಹೆಸರು ಅಪಶಕುನದಂತೆ ಕೇಳಿಸಿತು. ನಾಲ್ಕನ್ನೂ ಒತ್ತಿ ನೋಡಿದೆ, ಮೂಸಿ ನೋಡಿದೆ, ಬೆರಳುಗಂಟಿನಿಂದ ತಟ್ಟಿಯೂ ನೋಡಿದೆ. "ಕಲ್ಲಂಗಡಿಯಲ್ಲ ಸಾಹೇಬ್" ಎಂದರು ಹಸಮುಖಭಾಯಿ. ಹಾಕಿಸಿಕೊಂಡು, ಮನೆಯವರ ಸಮಾಧಾನಕ್ಕೆಂದು ಒಂದು ಪೊಟ್ಟಣ ಕಡಲೆಹಿಟ್ಟಿನ ಖಮಣ್ ಕಟ್ಟಿಸಿಕೊಂಡು ವಾಪಸಾದೆ. ಅತ್ತೆಯವರು ಅದನ್ನು ಬಿಚ್ಚಿ, "ಇಡ್ಲಿಗೆ ಯಾಕ್ರಿ ಅರಿಶಿನ ಕಾಮಾಲೆ ಬಂದೈತಿ?" ಎಂದರು. ಕಾರಿನ ಬಗ್ಗೆ ಕೇಳಲಿಲ್ಲ. ನಾನೇ ಉತ್ಸಾಹ ತಡೆಯಲಾರದೆ, "ತೊಟ್ಟಿಲಿನ ಹಾಗೆ ಆಗಿದೆ ಅತ್ತೆ" ಎಂದುಬಿಟ್ಟೆ. ಅವರ ಮುಖ ಕಪ್ಪಿಟ್ಟಿತು. "ತೊಟ್ಲು ತರಬ್ಯಾಡ್ರಿ ಅಂದಿದ್ದೆ" ಎಂದು ಒಳಗೆ ಹೋದರು.

ಆ ತಪ್ಪಿಗೆ ಅತ್ತೆಯವರು ಒಂದು ನಿರ್ಬಂಧ ಹಾಕಿದರು. ಹೊಸ ಜಂಪರಿನ ಪರೀಕ್ಷೆಗೆ ತಮ್ಮ ಮಗಳನ್ನು ಕೂರಿಸಕೂಡದು, ತಾವೇ ಕೂರುವುದು. ಹೀಗಾಗಿ ಸುಮಾಳ ಜಾಗದಲ್ಲಿ ಒಂದು ಅಕ್ಕಿ ಮೂಟೆ, ಅದರ ಪಕ್ಕದಲ್ಲಿ ಅತ್ತೆ, ಅತ್ತೆಯವರ ಮಡಿಲಲ್ಲಿ ಕಂಠಮಟ್ಟ ನೀರು ತುಂಬಿದ ಆ ತಾಮ್ರದ ಚೊಂಬು. ನೀರು ತುಳುಕಿದರೆ ನಾನು ಫೇಲು. ಕಾರ್ಖಾನೆಯಲ್ಲಿ ನೂರಾರು ಪಂಪುಗಳನ್ನು ತಿರಸ್ಕರಿಸಿದ ನಾನು ಅತ್ತೆಯ ಚೊಂಬಿನೆದುರು ನಡುಗುತ್ತಾ ಗಾಡಿ ಬಿಟ್ಟೆ. ಮೆತ್ತಗೆ ಇಟ್ಟರೆ ಮೂಟೆ ಮತ್ತು ಅತ್ತೆಯವರ ಭಾರಕ್ಕೆ ಗಾಡಿ ಕುಸಿದು ಹಂಪಿಗೆ ಉಜ್ಜುತ್ತಿತ್ತು. ಎತ್ತರಿಸಿದರೆ ದೋಣಿಯ ಹಾಗೆ ಓಲಾಡುತ್ತಿತ್ತು. ಗಟ್ಟಿ ಮಾಡಿದರೆ ಚೊಂಬು ಅತ್ತೆಯವರ ಸೀರೆಗೆ ಅಭಿಷೇಕ ಮಾಡುತ್ತಿತ್ತು. ಪ್ರತಿ ಸಲವೂ ನಾನು ಇಳಿದು, ಬಾನೆಟ್ಟು ತೆಗೆದು, ಡಿಕ್ಕಿ ತೆಗೆದು, ಗುಂಡಿ ತಿರುಗಿಸಿ ಮತ್ತೆ ಹೊರಡುತ್ತಿದ್ದೆ. ಬೀದಿಯವರಿಗೆ ಇದು ಧಾರಾವಾಹಿಯಾಯಿತು. ಸೊಸೈಟಿಯ ಗೇಟಿನಲ್ಲಿ ಆಟೋ ನಿಲ್ಲಿಸಿಕೊಂಡಿರುತ್ತಿದ್ದ ಬಾಬುಭಾಯಿ ಬೀಡಿ ಸೇದುತ್ತಾ, "ಕೇಮ್ ಸಾಹೇಬ್, ಆಜೆ ಕಠಣ್ ಕೆ ಪೋಚು?" ಎಂದು ಕೇಳುತ್ತಿದ್ದ. ಇವತ್ತು ಗಟ್ಟಿಯೋ ಮೆತ್ತಗೋ ಎಂದು. ಕೊನೆಗೊಂದು ದಿನ ಚೊಂಬಿನಿಂದ ಹನಿ ನೀರೂ ಹೊರಗೆ ಬೀಳಲಿಲ್ಲ. ಆ ಗುಂಡಿಗಳ ಸ್ಥಾನಕ್ಕೆ ಸುಣ್ಣದ ಗುರುತು ಹಾಕಿದೆ. ಸುಮಾ ಬಾಗಿಲಲ್ಲಿ ನಿಂತು, "ಅಕ್ಕಿಮೂಟೆಗೆ ಹೆರಿಗೆ ಸುಸೂತ್ರ ಆತೇನ್ರಿ?" ಎಂದು ಕೇಳಿದಳು. ನಾನು ನಗಲಿಲ್ಲ. ಅವಳೂ ಪೂರ್ತಿ ನಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಾಯಿತು.

ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಎರಡು ವಾರವಿತ್ತು. ಕಾರ್ಖಾನೆಯ ಕೆಲಸದ ಮೇಲೆ ಅಹಮದಾಬಾದಿಗೆ ಹೋಗಿಬರಬೇಕಾಯಿತು. ಹೊಸ ಎಕ್ಸ್‌ಪ್ರೆಸ್ ಹೈವೇ ಮೇಲೆ ವೇಗವಾಗಿ ಹೋಗುವಾಗ ಗಾಡಿ ಗಟ್ಟಿಯಾಗಿರಬೇಕು ಎಂದು ಪ್ರಹ್ಲಾದ ಆಮೇಲೊಮ್ಮೆ ಹೇಳಿದ್ದ, ಹಾಗೇ ಮಾಡಿದ್ದೆ. ಮರುದಿನ ಮಧ್ಯಾಹ್ನ ಊಟವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಸುಮಾ ಗೋಡೆ ಹಿಡಿದು ನಿಂತಳು. "ರೀ" ಎಂದಳು, ಅಷ್ಟೆ. ಅತ್ತೆಯವರು ಅವಳ ಮುಖ ನೋಡಿ, "ಹೊರಡಾಣ ಅಳಿಯಂದ್ರೆ, ಗಾಡಿ ತೆಗೀರಿ" ಎಂದರು.

ನಾನು ಹೊರಗೆ ಓಡಿದೆ. ಬಾಗಿಲು ತೆಗೆದು ಕೀಲಿ ತಿರುಗಿಸುವವನಿದ್ದೆ. ಆಗ ನೆನಪಾಯಿತು, ಗಾಡಿ ಗಟ್ಟಿಯಾಗಿದೆ! ಇಷ್ಟು ದಿನ ಯಾವ ಗಳಿಗೆಗಾಗಿ ಸಿದ್ಧತೆ ನಡೆಸಿದ್ದೆನೋ ಆ ಗಳಿಗೆಯಲ್ಲಿ ಗಾಡಿ ಕಲ್ಲಾಗಿದೆ. ಡಿಕ್ಕಿ ತೆಗೆದೆ. ಎಡಗಡೆ ಗುಂಡಿ ಸುಣ್ಣದ ಗುರುತಿಗೆ ಬಂತು. ಬಲಗಡೆಯದು ಧೂಳಿಗೆ ಕಚ್ಚಿಕೊಂಡಿತ್ತು. ಕೈ ಬೆವರಿ ಜಾರುತ್ತಿತ್ತು. ಪಂಚೆಯ ತುದಿ ಸುತ್ತಿ ತಿರುಗಿಸಿದೆ, ಬರಲಿಲ್ಲ. ಮನೆಯೊಳಗಿಂದ ಸುಮಾ ನರಳಿದ್ದು ಕೇಳಿಸಿತು. "ಬಂದೆ, ಒಂದೇ ನಿಮಿಷ" ಎಂದು ಕೂಗಿದೆ. ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿ, ಹಲ್ಲು ಕಚ್ಚಿ, ದಾವಣಗೆರೆಯ ಅವರ ಮನೆದೇವರನ್ನೂ ಮೈಸೂರಿನ ನಮ್ಮ ಮನೆದೇವರನ್ನೂ ಒಟ್ಟಿಗೆ ಕರೆದೆ. ಅಂತೂ ತಿರುಗಿತು. ಬಾನೆಟ್ಟಿಗೆ ಓಡಿ ಮುಂದಿನ ಎರಡನ್ನೂ ಸರಿ ಮಾಡಿದೆ. ಹಿಂದೆಲ್ಲೋ ಆಟೋ ಸ್ಟಾರ್ಟ್ ಆದ ಸದ್ದು ಕೇಳಿದಾಗ, ಇಂಥ ಹೊತ್ತಿನಲ್ಲಿ ಇವನಿಗೇನು ಅವಸರ ಎಂದು ಬಾಬುಭಾಯಿಯನ್ನು ಬೈದುಕೊಂಡದ್ದು ಕೂಡ ನೆನಪಿದೆ. ಬಾನೆಟ್ಟು ಮುಚ್ಚಿ, ಕೈ ಒರೆಸಿಕೊಂಡು, "ಸುಮಾ, ರೆಡಿ! ಮೆತ್ತಗಾಯ್ತು, ಬಾ" ಎಂದು ಹೆಮ್ಮೆಯಿಂದ ಮನೆಯ ಕಡೆ ತಿರುಗಿದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯ ಕೋಕಿಲಾಬೆನ್ ಬೀಗದ ಕೈ ಹಿಡಿದು ನಿಂತಿದ್ದರು. "ಅವರು ಆಗಲೇ ಹೋದರು ಭಾಯಿ, ಬಾಬುಭಾಯಿಯ ಆಟೋದಲ್ಲಿ. ನಿಮ್ಮನ್ನು ಕರೆದು ಕರೆದು ಸಾಕಾಯಿತಂತೆ" ಎಂದರು.

ಆಟೋದಲ್ಲಿ! ಆ ರಸ್ತೆಯಲ್ಲಿ! ನಾನು ಕಾರು ಹತ್ತಿದೆ. ಮೂವರ ಭಾರಕ್ಕೆಂದು ಹೊಂದಿಸಿದ ಗಾಡಿಯಲ್ಲಿ ನಾನೊಬ್ಬನೇ ಕೂತದ್ದರಿಂದ ಅದು ಹುಚ್ಚು ಕುದುರೆಯಂತೆ ನೆಗೆಯಿತು. ಪ್ರತಿ ಹಂಪಿನಲ್ಲೂ ನನ್ನ ತಲೆ ಮೇಲಕ್ಕೆ ಬಡಿಯುತ್ತಿತ್ತು. ಆದರೆ ನನಗೆ ಕಾಣುತ್ತಿದ್ದದ್ದು ಆಟೋದ ಆ ಗಟ್ಟಿ ಸೀಟಿನಲ್ಲಿ ಹೊಟ್ಟೆ ಹಿಡಿದು ಕುಳಿತ ಸುಮಾ ಮಾತ್ರ. ಏನಾದರೂ ಆದರೆ, ಈ ಕೆಂಪು ಸುರುಳಿಗಳ ಮುಖವನ್ನು ಜೀವಮಾನವಿಡೀ ಹೇಗೆ ನೋಡಲಿ ಎಂದು ಅಳು ಬಂತು. ಸ್ಪ್ಯಾನರ್ ಪಕ್ಕದ ಸೀಟಿನಲ್ಲೇ ಇತ್ತು, ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ನಾನು ಒಂದು ತುದಿ, ಬಾಬುಭಾಯಿ ಇನ್ನೊಂದು ತುದಿ. ಬಾಡಿಗೆಗೆ ಹೋಗದೆ ಅವನೂ ಕೂತೇ ಇದ್ದ. ಬೀಡಿ ಹಚ್ಚದೆ ಬೆರಳಲ್ಲಿ ತಿರುಗಿಸುತ್ತಿದ್ದ. ಹೊತ್ತು ಇಳಿಯುವಾಗ ಒಳಗಿಂದ ಒಂದು ಸಣ್ಣ ಕೂಗು ಕೇಳಿಸಿತು. ಆಮೇಲೆ ಅತ್ತೆಯವರು ಹೊರಗೆ ಬಂದು, "ಹೆಣ್ಣು ಕೂಸು. ತಾಯಿ, ಮಗಳು ಇಬ್ಬರೂ ಆರಾಮ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಎದ್ದು ನಿಂತವನು ಮತ್ತೆ ಬೆಂಚಿನ ಮೇಲೆ ಕೂತೆ. ಒಳಗೆ ಬಿಟ್ಟಾಗ ಸುಮಾಳ ಹಣೆ ನೇವರಿಸಿ, ಮನಸ್ಸಿನಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಕೇಳಿಯೇಬಿಟ್ಟೆ. "ಆಟೋದಲ್ಲಿ ಬಹಳ ಕುಲುಕಿತಾ?" ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಯಾರಿಗೆ ಗೊತ್ತು? ದಾರಿ ಪೂರ್ತಿ ನಿಮ್ಮನ್ನ ಬೈಕೊಂತ ಬಂದೆ. ಕುಲುಕಿದ್ದು ತಿಳೀಲೇ ಇಲ್ಲ."

ಮನೆಗೆ ಕರೆತರುವ ದಿನ ನನ್ನ ದಿನ ಎಂದುಕೊಂಡಿದ್ದೆ. ಮುಂಜಾನೆಯೇ ಗಾಡಿ ತೊಳೆದು, ಗುಂಡಿಗಳೆಲ್ಲ ಸುಣ್ಣದ ಗುರುತಿನಲ್ಲಿವೆಯೇ ಎಂದು ನೋಡಿ, ಹಿಂದಿನ ಸೀಟಿಗೆ ದಿಂಬು ಇಟ್ಟು ನರ್ಸಿಂಗ್ ಹೋಮಿನ ಬಾಗಿಲಲ್ಲಿ ನಿಲ್ಲಿಸಿದೆ. ಅತ್ತೆಯವರು ಮಗುವನ್ನು ಎತ್ತಿಕೊಂಡು ಬಂದರು. ಬಂದು, ನನ್ನ ಕಾರನ್ನು ದಾಟಿ ಮುಂದೆ ಹೋದರು. ಅಲ್ಲಿ ಹ್ಯಾಂಡಲಿಗೆ ಚೆಂಡುಹೂವಿನ ಹಾರ ಹಾಕಿಕೊಂಡು ಬಾಬುಭಾಯಿಯ ಆಟೋ ನಿಂತಿತ್ತು. "ಸಿಟ್ಟಾಗಬ್ಯಾಡ್ರಿ ಅಳಿಯಂದ್ರೆ. ಆ ಆಟೋದ ಕಾಲ್ಗುಣ ಚಲೋ ಐತಿ. ಅದರಾಗ ಬಂದು ಸುಸೂತ್ರ ಆಗೈತಿ, ಅದರಾಗೇ ಮನಿಗೆ ಹೋಗ್ಬೇಕು" ಎಂದರು. ಸುಮಾ ನನ್ನನ್ನು ನೋಡಿದಳು, ತುಟಿ ಕಚ್ಚಿಕೊಂಡು ಆಟೋ ಹತ್ತಿದಳು. ನನ್ನ ಪಾಲಿಗೆ ಬಂದದ್ದು ಹಾಸಿಗೆ ಸುರುಳಿ, ಬಟ್ಟೆಯ ಗಂಟು ಮತ್ತು ಬಾಣಂತಿಗೆಂದು ಕಾಯಿಸಿ ಆರಿಸಿದ ನೀರು ತುಂಬಿದ ಆ ತಾಮ್ರದ ಚೊಂಬು. "ಚೆಲ್ಲಬ್ಯಾಡ್ರಿ" ಎಂದು ಎಚ್ಚರಿಸಿದರು.

ಮುಂದೆ ಆಟೋ ಪ್ರತಿ ಹಂಪಿನ ಮೇಲೂ ಕುಣಿಯುತ್ತಾ ಹೋಯಿತು. ಹಿಂದೆ ನಾನು, ಚೊಂಬನ್ನು ಹಿಂದಿನ ಸೀಟಿನ ದಿಂಬಿನಲ್ಲಿ ಊರಿ, ಈ ಸಲ ಆಮೆಯ ವೇಗದಲ್ಲಿ ತೇಲುತ್ತಾ ಬಂದೆ. ಮನೆಯ ಮುಂದೆ ಅತ್ತೆಯವರು ಹಿಂದಿನ ಬಾಗಿಲು ತೆಗೆದು ಚೊಂಬು ನೋಡಿದರು. ಅವರ ಮುಖ ಅರಳಿತು. "ಒಂದು ಹನಿನೂ ಚೆಲ್ಲಿಲ್ಲ ನೋಡ್ರಿ! ಭಾಳ ಚಲೋ ಗಾಡಿ ಮಾಡ್ಸೀರಿ" ಎಂದರು. ಅಷ್ಟು ದಿನಗಳಲ್ಲಿ ಆ ಗಾಡಿಗೆ ಅವರಿಂದ ಸಿಕ್ಕ ಮೊದಲ ಹೊಗಳಿಕೆ ಅದು. ನನ್ನ ಕಣ್ಣು ತುಂಬಿ ಬಂತು. ಅದೇ ನೀರಿಗೆ ಅರಿಶಿನ ಸುಣ್ಣ ಕದಡಿ ಕೆಂಪು ಮಾಡಿ, ಬಾಗಿಲಲ್ಲಿ ನಿಂತ ತಾಯಿ ಮಗುವಿಗೆ ನಿವಾಳಿಸಿದರು. ಆಮೇಲೆ ಚೊಂಬಿನಲ್ಲಿ ಉಳಿದದ್ದನ್ನು ತೆಗೆದುಕೊಂಡು ಹೋಗಿ, ನನ್ನ ಕಾರಿಗೆ ಒಂದು ಹನಿಯೂ ತಾಗದಂತೆ ಸುತ್ತು ಹಾಕಿ, ಬಾಬುಭಾಯಿಯ ಆಟೋದ ಮುಂದಿನ ಚಕ್ರಕ್ಕೆ ಪೂರ್ತಿ ಸುರಿದರು.